ಪಿಸ್ತೂಲ್ ಹಿಡಿದ ಮಕ್ಕಳನ್ನು ಪಿಯುಸಿಯಲ್ಲಿ ಕಳೆದುಕೊಳ್ಳುತ್ತಿದ್ದೇವೆ

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಶೂಟಿಂಗ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ನಮ್ಮ ಮೈಸೂರಿನಲ್ಲೂ ಏರ್ ಪಿಸ್ತೂಲ್ ಬಗ್ಗೆ ವಿಚಾರಿಸುವ ಅಪ್ಪ ಅಮ್ಮಂದಿರು ಜಾಸ್ತಿಯಾಗಿದ್ದಾರೆ. ಕುವೆಂಪುನಗರ, ವಿಜಯನಗರದವರಷ್ಟೇ ಅಲ್ಲ, ಮದ್ದೂರು, ಪಾಂಡವಪುರದ ಕಡೆಯವರೂ ಕೇಳುತ್ತಾರೆ. ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಎರಡೇ ಪ್ರಶ್ನೆ. "ಪಿಸ್ತೂಲ್‌ಗೆ ಎಷ್ಟಾಗುತ್ತೆ ಸಾರ್?" ಅನ್ನೋದು ಒಂದು. "ಎಷ್ಟು ವರ್ಷಕ್ಕೆ ಇಂಡಿಯಾ ಟೀಮ್‌ಗೆ ಬರಬಹುದು?" ಅನ್ನೋದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಸುಲಭ. ಮ್ಯಾಚ್‌ಗೆ ಬಳಸುವ ಮೊರಿನಿ, ಸ್ಟೇಯರ್, ವಾಲ್ಟರ್, ಪಾರ್ಡಿನಿ ಕಂಪನಿಗಳ ಪಿಸ್ತೂಲ್ ಎಲ್ಲವೂ ಯುರೋಪಿನಿಂದ ಬರಬೇಕು, ಬೆಲೆ ಲಕ್ಷ ದಾಟುತ್ತದೆ. ಎರಡನೆಯದಕ್ಕೆ ಯಾರಾದರೂ "ಮೂರು ವರ್ಷ" ಅಂತ ಉತ್ತರ ಕೊಟ್ಟರೆ ಅವರ ಹತ್ತಿರ ಮಗುವನ್ನು ಸೇರಿಸಬೇಡಿ. ಈ ಆಟದಲ್ಲಿ ವೃತ್ತಿ ಅನ್ನೋದು ತುಂಬಾ ಉದ್ದ. ನಾವು ಅದನ್ನು ಹನ್ನೆರಡನೇ ವಯಸ್ಸಿಗೆ ಅವಸರದಲ್ಲಿ ಶುರು ಮಾಡಿಸಿ, ಹದಿನೇಳಕ್ಕೆ ಅದಕ್ಕಿಂತ ಅವಸರದಲ್ಲಿ ಮುಗಿಸುತ್ತಿದ್ದೇವೆ. ನಮ್ಮ ಮೈಸೂರು, ಮಂಡ್ಯದ ಕಡೆಯ ಸಮಸ್ಯೆ ಇರುವುದೇ ಇಲ್ಲಿ ಅಂತ ನನ್ನ ಅನಿಸಿಕೆ.

ಎಷ್ಟು ಉದ್ದ ಅಂತ ನೋಡಿ. ಜಾರ್ಜಿಯಾ ದೇಶದ ನಿನೋ ಸಲುಕ್ವಾಡ್ಜೆ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 25 ಮೀಟರ್ ಪಿಸ್ತೂಲ್ ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸ್‌ಗೂ ಬಂದರು, ಅದು ಅವರ ಹತ್ತನೇ ಒಲಿಂಪಿಕ್ಸ್. 2016ರ ರಿಯೋದಲ್ಲಿ ಮಗನ ಜೊತೆಗೇ ಸ್ಪರ್ಧಿಸಿದ್ದರು. ಪ್ಯಾರಿಸ್‌ನಲ್ಲೇ ಹೊಡೆದ ಟರ್ಕಿಯ ಯೂಸುಫ್ ದಿಕೆಚ್ ನೆನಪಿದ್ದಾರಲ್ಲ? ಟೀ ಶರ್ಟ್, ಮಾಮೂಲಿ ಕನ್ನಡಕ, ಜೇಬಿನಲ್ಲಿ ಕೈ. ಆ ಫೋಟೋ ನೋಡಿ ಯಾರೋ ದಾರಿಹೋಕ ಬಂದು ಬೆಳ್ಳಿ ಗೆದ್ದ ಅಂತ ಜಗತ್ತೆಲ್ಲ ಹಂಚಿಕೊಂಡಿತು. ಆದರೆ ಅವರಿಗೆ ಆಗ 51 ವರ್ಷ, 2008ರಿಂದ ಪ್ರತಿ ಒಲಿಂಪಿಕ್ಸ್‌ಗೂ ಬಂದವರು. ಜೇಬಿನಲ್ಲಿ ಕೈ ಇಡುವುದು ಕೂಡ ಸ್ಟೈಲ್‌ಗೆ ಅಲ್ಲ. ಪಿಸ್ತೂಲ್ ಹಿಡಿಯದ ಕೈ ಅಲುಗಾಡಿದರೆ ಮೈ ಅಲುಗಾಡುತ್ತದೆ, ಅದಕ್ಕೇ ಹೆಚ್ಚಿನವರು ಅದನ್ನು ಜೇಬಿಗೋ ಬೆಲ್ಟಿಗೋ ಸಿಕ್ಕಿಸಿ ನಿಲ್ಲುತ್ತಾರೆ.

ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಇದ್ದಾರೆ. ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದವರು ಅದನ್ನು ಬಿಟ್ಟು ಬಂದು ಮತ್ತೆ ಪಿಸ್ತೂಲ್ ಹಿಡಿದರು. 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲ್ ಕಂಚು ಗೆದ್ದರು. ಅದೇ ವರ್ಷ ಸ್ಪೇನಿನ ಗ್ರನಾಡಾಗೆ ವಿಶ್ವಕಪ್‌ಗೆ ಹೋದಾಗ ಮುಖದ ಒಂದು ಪಕ್ಕಕ್ಕೆ ಲಕ್ವ ಹೊಡೆಯಿತು, ಬೆಲ್ಸ್ ಪಾಲ್ಸಿ ಅನ್ನುತ್ತಾರೆ. ಕಣ್ಣು ರೆಪ್ಪೆ ಸರಿಯಾಗಿ ಮುಚ್ಚದಿದ್ದರೆ ಒಬ್ಬ ಶೂಟರ್‌ಗೆ ಏನಾಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ. ಅದರಿಂದ ಎದ್ದು ಬಂದು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು, 2016ರಲ್ಲಿ ನಲವತ್ತರ ವಯಸ್ಸಿನಲ್ಲಿ ರಿಯೋ ಒಲಿಂಪಿಕ್ಸ್‌ಗೆ ಹೋದರು. ಕೆಲಸಕ್ಕೆ ಅಂತ ಆಟದಿಂದ ದೂರ ಹೋಗಿ ಮತ್ತೆ ಮರಳಿದವರು ಇವರು ಅನ್ನೋದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಷ್ಟೊಂದು ವರ್ಷ ಯಾಕೆ ಹಿಡಿಯುತ್ತದೆ ಅನ್ನೋದು ಆಟ ಗೊತ್ತಿಲ್ಲದವರಿಗೆ ಅರ್ಥವಾಗುವುದು ಕಷ್ಟ. ಗುರಿ 10 ಮೀಟರ್ ದೂರದಲ್ಲಿರುತ್ತದೆ. ನಡುವಿನ ಹತ್ತರ ವೃತ್ತ 11.5 ಮಿಲಿಮೀಟರ್ ಅಗಲ, ಅಂದರೆ ಹೆಚ್ಚುಕಮ್ಮಿ ಶರ್ಟಿನ ಗುಂಡಿಯಷ್ಟು. ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು, ಮಣಿಕಟ್ಟಿಗೆ ಯಾವ ಆಸರೆಯೂ ಇರಬಾರದು. ಅದರ ತೂಕ ಸುಮಾರು ಒಂದು ಕೆಜಿ. ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯುವಂತಿರಬೇಕು ಅಂತ ನಿಯಮ ಇದೆ, ಮ್ಯಾಚ್‌ಗೆ ಮುಂಚೆ ತೂಕ ಕಟ್ಟಿ ಪರೀಕ್ಷೆ ಮಾಡುತ್ತಾರೆ. 75 ನಿಮಿಷದಲ್ಲಿ 60 ಗುಂಡು ಹೊಡೆಯಬೇಕು. ಒಟ್ಟು 600 ಅಂಕ. ದೇಶದ ತಂಡದ ಲೆಕ್ಕಕ್ಕೆ ಬರಬೇಕು ಅಂದರೆ 580ರ ಆಸುಪಾಸು ಮತ್ತೆ ಮತ್ತೆ ಬರುತ್ತಿರಬೇಕು. ಯಾವತ್ತೋ ಒಂದು ದಿನ ಬಂದರೆ ಸಾಲದು.

ಕೈ ಅಲುಗಾಡದಂತೆ ಮಾಡುವುದೇ ಅಭ್ಯಾಸ ಅಂದುಕೊಂಡಿರುತ್ತೇವೆ. ಹಾಗಲ್ಲ. ವಿಶ್ವ ಚಾಂಪಿಯನ್ ಕೈ ಕೂಡ ಅಲುಗಾಡುತ್ತದೆ. ಇಡೀ ಕೈ ನೇರವಾಗಿಯೇ ಇದ್ದು ಮೂರು ಮಿಲಿಮೀಟರ್ ಪಕ್ಕಕ್ಕೆ ಹೋದರೆ ಗುಂಡೂ ಮೂರೇ ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ, ಇನ್ನೂ ಹತ್ತರೊಳಗೇ ಇರುತ್ತದೆ. ಆದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಹಿಂದೊಂದು ಮುಂದೊಂದು ಸೈಟ್ ಇರುತ್ತದೆ, ಹಿಂದಿನದರಲ್ಲಿ ಒಂದು ಕಚ್ಚು. ಆ ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವೆ ಸುಮಾರು 33 ಸೆಂಟಿಮೀಟರ್ ಅಂತರ ಇರುತ್ತದೆ. ಮುಂದಿನ ಸೈಟ್ ಹಿಂದಿನ ಸೈಟ್‌ನ ಕಚ್ಚಿನೊಳಗೆ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಸಾಕು, 10 ಮೀಟರ್ ಆಚೆ ಗುಂಡು ಸುಮಾರು 30 ಮಿಲಿಮೀಟರ್ ಪಕ್ಕಕ್ಕೆ ಹೋಗಿ ಬೀಳುತ್ತದೆ. ಹತ್ತು ಬರಬೇಕಾದ ಕಡೆ ಏಳು ಬರುತ್ತದೆ. ಅದಕ್ಕೇ ಕಣ್ಣು ಗುರಿಯ ಮೇಲೆ ಇರುವ ಹಾಗಿಲ್ಲ, ಮುಂದಿನ ಸೈಟ್ ಮೇಲೆಯೇ ಇರಬೇಕು, ಗುರಿ ಮಸುಕಾಗಿಯೇ ಕಾಣಬೇಕು. ಮಸುಕಾದ ಗುರಿಯನ್ನು ನಂಬಿ, ಅಲುಗಾಡುವ ಕೈಯನ್ನು ಒಪ್ಪಿಕೊಂಡು, ಸೈಟ್ ಕದಲದ ಹಾಗೆ ಟ್ರಿಗರನ್ನು ನೇರ ಹಿಂದಕ್ಕೆ ಒತ್ತುತ್ತಾ ಹೋಗಬೇಕು. ಇದು ಬುದ್ಧಿಗೆ ಒಂದೇ ದಿನದಲ್ಲಿ ತಿಳಿಯುತ್ತದೆ. ಬೆರಳಿಗೆ ತಿಳಿಯಲು ವರ್ಷಗಳು ಬೇಕು.

ಇಷ್ಟು ಕಲಿತ ಮೇಲೂ ಗೆಲುವು ಸೋಲಿನ ನಡುವೆ ಇರುವ ಜಾಗ ಎಷ್ಟು ಕಿರಿದು ಅಂತ ಪ್ಯಾರಿಸ್ ತೋರಿಸಿಕೊಟ್ಟಿತು. ಏರ್ ಪಿಸ್ತೂಲ್ ಅರ್ಹತಾ ಸುತ್ತಿನಲ್ಲಿ ಭಾರತದ ಸರಬ್ಜೋತ್ ಸಿಂಗ್ 577 ಹೊಡೆದರು. ಜರ್ಮನಿಯ ರಾಬಿನ್ ವಾಲ್ಟರ್ ಕೂಡ 577. ಒಳಗಿನ ಹತ್ತು, ಅಂದರೆ ಹತ್ತರ ವೃತ್ತದೊಳಗೆ ಐದು ಮಿಲಿಮೀಟರ್ ಅಗಲದ ಇನ್ನೊಂದು ಪುಟ್ಟ ವೃತ್ತ ಇದೆಯಲ್ಲ, ಅದಕ್ಕೆ ವಾಲ್ಟರ್ 17 ಸಲ ಹೊಡೆದಿದ್ದರು, ಸರಬ್ಜೋತ್ 16 ಸಲ. ಅಷ್ಟಕ್ಕೇ ವಾಲ್ಟರ್ ಎಂಟನೆಯವರಾಗಿ ಫೈನಲ್‌ಗೆ ಹೋದರು, ನಮ್ಮ ಹುಡುಗ ಒಂಬತ್ತನೆಯವನಾಗಿ ಹೊರಗೆ ಉಳಿದ. ಕೆಲವೇ ದಿನದಲ್ಲಿ ಅದೇ ಹುಡುಗ ಮನು ಜೊತೆ ಮಿಶ್ರ ತಂಡದಲ್ಲಿ ಕೊರಿಯಾವನ್ನು 16-10ರಿಂದ ಸೋಲಿಸಿ ಕಂಚು ಗೆದ್ದ. ಮನು ವೈಯಕ್ತಿಕ ಫೈನಲ್‌ನಲ್ಲಿ ಬೆಳ್ಳಿ ಕಳೆದುಕೊಂಡಿದ್ದು 0.1 ಅಂಕದಿಂದ.

ಇನ್ನು ಯಂತ್ರದ ಕಾಟ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಪಿಸ್ತೂಲ್ ಅರ್ಹತಾ ಸುತ್ತಿನ ನಡುವೆಯೇ ಕೈಕೊಟ್ಟಿತು. ಅದನ್ನು ಸರಿಮಾಡಿಕೊಂಡು ಬರುವಷ್ಟರಲ್ಲಿ ತುಂಬಾ ಹೊತ್ತು ಹೋಗಿತ್ತು, ಉಳಿದ 44 ಗುಂಡುಗಳನ್ನು ಓಡೋಡಿ ಹೊಡೆಯಬೇಕಾಯಿತು. 575 ಬಂತು, 12ನೇ ಸ್ಥಾನ. ಎರಡು ಅಂಕದಲ್ಲಿ ಫೈನಲ್ ತಪ್ಪಿತು. ಆಗ ಆಕೆಗೆ 19 ವರ್ಷ. ಟೋಕಿಯೊದಿಂದ ಭಾರತದ ಶೂಟರ್‌ಗಳು ಬರಿಗೈಯಲ್ಲಿ ಬಂದಾಗ ನಾವೆಲ್ಲ ಎಷ್ಟು ಕೆಟ್ಟದಾಗಿ ಮಾತಾಡಿದೆವು ಅಂತ ನೆನೆಸಿಕೊಂಡರೆ ಇವತ್ತಿಗೂ ಬೇಜಾರಾಗುತ್ತದೆ. ಟೋಕಿಯೊಗೆ ಮುಂಚೆ ದೂರವಾಗಿದ್ದ ಕೋಚ್ ಜಸ್ಪಾಲ್ ರಾಣಾ ಜೊತೆ ಮನು 2023ರಲ್ಲಿ ಮತ್ತೆ ಕೂಡಿಕೊಂಡು, ಸೋತ ಆಟವನ್ನೇ ಮತ್ತೆ ಕಟ್ಟಿದ್ದಕ್ಕೆ ಪ್ಯಾರಿಸ್‌ನ ಪದಕ ಬಂತು.

ಸೌರಭ್ ಚೌಧರಿಯ ದಾರಿ ಇನ್ನೂ ಹೆಚ್ಚು ಕಲಿಸುತ್ತದೆ. 2018ರಲ್ಲಿ 16ನೇ ವಯಸ್ಸಿಗೆ ಏಷ್ಯನ್ ಗೇಮ್ಸ್ ಚಿನ್ನ. ಟೋಕಿಯೊದಲ್ಲಿ 586 ಹೊಡೆದು ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ಮೇಲಿದ್ದು, ಫೈನಲ್‌ನಲ್ಲಿ ಏಳನೆಯವರಾದರು. ಆಮೇಲೆ ಫಾರ್ಮ್ ಹೋಯಿತು. ಪ್ಯಾರಿಸ್ ತಂಡದಲ್ಲಿ ಹೆಸರೇ ಇರಲಿಲ್ಲ. 2025ರಲ್ಲಿ ಪೆರುವಿನ ಲಿಮಾ ವಿಶ್ವಕಪ್‌ನಲ್ಲಿ ಮತ್ತೆ ಪದಕದೊಂದಿಗೆ ಕಾಣಿಸಿಕೊಂಡರು. ಅಷ್ಟರಲ್ಲಿ ಹಿಂದಿನಿಂದ ಬಂದ ಹೊಸಬರು ಮುಂದೆ ಹೋಗಿಯಾಗಿತ್ತು. ಸುರುಚಿ ಸಿಂಗ್ ಅದೇ ವರ್ಷ ಸಾಲಾಗಿ ವಿಶ್ವಕಪ್ ಚಿನ್ನ ಗೆಲ್ಲುತ್ತಾ ಹೋದರು, ಸಾಮ್ರಾಟ್ ರಾಣಾ ಕೈರೋದಲ್ಲಿ ಏರ್ ಪಿಸ್ತೂಲ್ ವಿಶ್ವ ಚಾಂಪಿಯನ್ ಆದರು. ಒಲಿಂಪಿಕ್ಸ್ ಕೋಟಾ, ಅಂದರೆ ಅಲ್ಲಿ ಸ್ಪರ್ಧಿಸಲು ಸಿಗುವ ಜಾಗ, ಗೆದ್ದವರ ಹೆಸರಿಗೆ ಇರುವುದಿಲ್ಲ, ದೇಶಕ್ಕೆ ಸೇರುತ್ತದೆ. ಯಾರು ಹೋಗಬೇಕು ಅಂತ ಮತ್ತೆ ಟ್ರಯಲ್ಸ್ ನಡೆಯುತ್ತದೆ. ಪ್ಯಾರಿಸ್‌ಗೆ ಮುಂಚೆ ದೆಹಲಿ, ಭೋಪಾಲ್‌ನಲ್ಲಿ ನಾಲ್ಕು ಟ್ರಯಲ್ಸ್ ಆದವು. ಕೋಟಾ ತಂದುಕೊಟ್ಟವರೇ ಮನೆಯಲ್ಲಿ ಕೂತು ಟಿವಿ ನೋಡಬೇಕಾಗಿ ಬರಬಹುದು.

ಆಟವೇ ಕೈಬಿಡುವುದೂ ಇದೆ. ರಿಯೋ ಆದ ಮೇಲೆ 50 ಮೀಟರ್ ಪಿಸ್ತೂಲನ್ನು ಒಲಿಂಪಿಕ್ಸ್‌ನಿಂದ ತೆಗೆದರು. ಜೀತು ರಾಯ್, ಪ್ರಕಾಶ್ ನಂಜಪ್ಪ ಅವರ ಒಳ್ಳೆಯ ಸ್ಪರ್ಧೆ ಅದೇ ಆಗಿತ್ತು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಭಾರತಕ್ಕೆ ಶೂಟಿಂಗ್ ಒಂದರಿಂದಲೇ 16 ಪದಕ ಬಂದಿತ್ತು. 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ ಶೂಟಿಂಗ್ ಇರಲಿಲ್ಲ, 2026ರ ಗ್ಲಾಸ್ಗೋ ಪಟ್ಟಿಯಲ್ಲೂ ಇಲ್ಲ. ಸರ್ಕಾರದ ನಗದು ಬಹುಮಾನ, ನೌಕರಿ ಎಲ್ಲ ಇಂಥ ಕೂಟಗಳ ಪದಕಕ್ಕೇ ಕಟ್ಟಿಕೊಂಡಿರುವಾಗ, ಒಂದು ಕೂಟ ಹೋದರೆ ಹತ್ತಾರು ಶೂಟರ್‌ಗಳ ನಾಲ್ಕು ವರ್ಷದ ಲೆಕ್ಕ ತಲೆಕೆಳಗಾಗುತ್ತದೆ.

ಈಗ ಇದನ್ನೆಲ್ಲ ಮಂಡ್ಯದ ಒಂದು ಮನೆಗೆ ತಂದು ನೋಡಿ. ಹುಡುಗಿಗೆ ಹನ್ನೆರಡು ವರ್ಷ, ಕೈ ಚೆನ್ನಾಗಿದೆ, ಕೋಚ್ ಹೊಗಳುತ್ತಾರೆ. ಹದಿನೈದಕ್ಕೆ ರಾಜ್ಯ ಚಾಂಪಿಯನ್‌ಶಿಪ್, ಆಮೇಲೆ ದಕ್ಷಿಣ ವಲಯ, ಅಲ್ಲಿ ಸ್ಕೋರ್ ಬಂದರೆ ನ್ಯಾಷನಲ್ಸ್. ದೆಹಲಿಗೋ ಭೋಪಾಲ್‌ಗೋ ರೈಲು, ಜೊತೆಗೆ ಅಪ್ಪನೋ ಅಮ್ಮನೋ, ಲಾಡ್ಜ್, ಎಂಟ್ರಿ ಫೀ. ದಿನಕ್ಕೆ ನೂರು ಗುಂಡು ಹೊಡೆದರೆ 500 ಪೆಲೆಟ್‌ಗಳ ಡಬ್ಬಿ ಐದೇ ದಿನಕ್ಕೆ ಖಾಲಿ, ಒಳ್ಳೆಯ ಮ್ಯಾಚ್ ಪೆಲೆಟ್ ಹೊರದೇಶದಿಂದಲೇ ಬರಬೇಕು. ಕಬ್ಬಿನ ಹಣ ಕಾರ್ಖಾನೆಯಿಂದ ಬರುವ ತಿಂಗಳೇ ಬೇರೆ, ಫೀ ಕಟ್ಟಬೇಕಾದ ತಿಂಗಳೇ ಬೇರೆ. ಒಲಿಂಪಿಕ್ಸ್ ಪದಕದ ಭರವಸೆ ಇರುವವರಿಗಾಗಿ ಕೇಂದ್ರ ಮಾಡಿರುವ ಟಾಪ್ಸ್ ಯೋಜನೆಯ ಮುಖ್ಯ ಪಟ್ಟಿಗೆ ಆಯ್ಕೆಯಾದವರಿಗೆ ತಿಂಗಳಿಗೆ 50,000 ರೂಪಾಯಿ ಕೈಖರ್ಚು ಸಿಗುತ್ತದೆ, ಖೇಲೋ ಇಂಡಿಯಾ ಪಟ್ಟಿಯಲ್ಲಿದ್ದರೆ ತಿಂಗಳಿಗೆ 10,000. ಒಳ್ಳೆಯದೇ. ಆದರೆ ಅದು ಗುರುತಾದ ಮೇಲಿನ ಮಾತು. ಗುರುತಾಗುವವರೆಗಿನ ಐದಾರು ವರ್ಷದ ಖರ್ಚು ಮನೆಯದೇ.

ಅಷ್ಟರಲ್ಲಿ ಪಿಯುಸಿ ಬರುತ್ತದೆ. ಸೈನ್ಸ್ ತಗೊಂಡರೆ ನೀಟ್, ಸಿಇಟಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಇಂಟಿಗ್ರೇಟೆಡ್ ಕೋಚಿಂಗ್, ಹಾಜರಾತಿ 75 ಪರ್ಸೆಂಟ್ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ರಾಜ್ಯ, ವಲಯದ ಮ್ಯಾಚ್‌ಗಳೂ ಕಾಲೇಜು ನಡೆಯುವ ತಿಂಗಳಲ್ಲೇ ಬರುತ್ತವೆ. "ಎರಡು ವರ್ಷ ಬಿಟ್ಟಿರು ಮಗಳೇ, ಆಮೇಲೆ ನೋಡೋಣ" ಅನ್ನುತ್ತಾರೆ ಅಪ್ಪ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಹೇಳುತ್ತಿದ್ದರು. ತೊಂದರೆ ಇರುವುದು ಆ "ಆಮೇಲೆ" ಅನ್ನೋದು ಬರುವುದೇ ಇಲ್ಲ ಅನ್ನೋದರಲ್ಲಿ. ಎರಡು ವರ್ಷದ ನಂತರ ಇಂಜಿನಿಯರಿಂಗ್ ಸೇರಿದ ಹುಡುಗಿಗೆ ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜ್ ಇಲ್ಲ, ಕೋಚ್ ಹೊಸ ಮಕ್ಕಳ ಜೊತೆ ಬಿಜಿ, ಪಿಸ್ತೂಲನ್ನು ಯಾರಿಗೋ ಮಾರಿಯಾಗಿದೆ. ಹತ್ತೊಂಬತ್ತಕ್ಕೆ ಅವಳು "ಹಿಂದೆ ಶೂಟಿಂಗ್ ಮಾಡುತ್ತಿದ್ದೆ" ಅನ್ನುತ್ತಾಳೆ. ನಲವತ್ತರಲ್ಲಿ ಒಲಿಂಪಿಕ್ಸ್‌ಗೆ ಹೋಗಬಹುದಾದ ಆಟದಲ್ಲಿ!

ಹರಿಯಾಣ, ಉತ್ತರ ಪ್ರದೇಶದ ಕಡೆಯವರಿಗೆ ಶೂಟಿಂಗ್ ರಕ್ತದಲ್ಲೇ ಇದೆ ಬಿಡಿ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸೌರಭ್ ಚೌಧರಿ ಮೀರತ್ ಕಡೆಯ ಹಳ್ಳಿಯ ರೈತರ ಮಗ, ಕಲಿತಿದ್ದು ಪಕ್ಕದ ಬಾಗ್ಪತ್ ಜಿಲ್ಲೆಯ ಬಿನೌಲಿ ಅನ್ನುವ ಊರಿನ ರೇಂಜ್‌ನಲ್ಲಿ. ಬಾಗ್ಪತ್ ನಮ್ಮ ಮಂಡ್ಯದ ಹಾಗೆಯೇ ಕಬ್ಬಿನ ಜಿಲ್ಲೆ, ಸಕ್ಕರೆ ಕಾರ್ಖಾನೆಗಳ ಜಿಲ್ಲೆ. ಅಲ್ಲೇ ಜೋಹ್ರಿ ಅನ್ನುವ ಹಳ್ಳಿಯ ರೇಂಜ್‌ನಲ್ಲಿ ಚಂದ್ರೋ ತೋಮರ್ ಅನ್ನುವ ಅಜ್ಜಿ ಅರವತ್ತು ದಾಟಿದ ಮೇಲೆ ಪಿಸ್ತೂಲ್ ಹಿಡಿದು ಹಿರಿಯರ ಸ್ಪರ್ಧೆಗಳಲ್ಲಿ ಪದಕಗಳನ್ನು ಗೆದ್ದರು. ಆ ಹಳ್ಳಿಗಳಲ್ಲಿ ನಡೆದು ಹೋಗುವಷ್ಟು ಹತ್ತಿರದಲ್ಲಿ ರೇಂಜ್ ಇತ್ತು, ಯಾವ ವಯಸ್ಸಿನವರು ಬಂದರೂ ಬಾಗಿಲು ತೆಗೆದಿತ್ತು. ನಮ್ಮಲ್ಲಿ ಗುರಿಕಾರರಿಗೆ ಬರವೇನೂ ಇಲ್ಲ. 2025ರ ಉತ್ತರಾಖಂಡ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಕರ್ನಾಟಕದ 15 ವರ್ಷದ ಜೋನಾಥನ್ ಆಂಟನಿ ದೊಡ್ಡ ದೊಡ್ಡ ಹೆಸರುಗಳನ್ನು ಹಿಂದೆ ಹಾಕಿ ಏರ್ ಪಿಸ್ತೂಲ್ ಚಿನ್ನ ಗೆದ್ದ. ಬೆಂಗಳೂರಿನ ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್‌ನ ಮಿಶ್ರ ತಂಡದಲ್ಲಿ ಚಿನ್ನ, ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ತಂದರು. ಬೆಂಗಳೂರಿನಲ್ಲಿ ಆಗಿದ್ದು ಎಕ್ಸ್‌ಪ್ರೆಸ್‌ವೇಯ ಈ ತುದಿಯಲ್ಲಿ ಯಾಕೆ ಆಗಬಾರದು?

ಏರ್ ಪಿಸ್ತೂಲ್ ರೇಂಜ್‌ಗೆ ಬೇಕಾದ ಜಾಗ ತುಂಬಾ ಕಡಿಮೆ. ಹದಿನೈದು ಮೀಟರ್ ಉದ್ದದ ಒಂದು ಹಾಲ್, ಗುರಿಯ ಹಿಂದೆ ಗಟ್ಟಿ ತಡೆ, ಗುಂಡು ಹಾರುವ ಕಡೆ ಯಾರೂ ಓಡಾಡದಂಥ ವ್ಯವಸ್ಥೆ, ಒಳ್ಳೆಯ ಬೆಳಕು, ಕೈ ತೊಳೆಯಲು ಒಂದು ನಲ್ಲಿ. ನಲ್ಲಿ ಯಾಕೆ ಅಂದರೆ ಪೆಲೆಟ್ ಸೀಸದ್ದು, ಮಕ್ಕಳು ಅದೇ ಕೈಯಲ್ಲಿ ತಿಂಡಿ ತಿನ್ನಬಾರದು. ಎಲೆಕ್ಟ್ರಾನಿಕ್ ಗುರಿ ಮೊದಲ ದಿನವೇ ಬೇಕಾಗಿಲ್ಲ, ಹಗ್ಗ ಎಳೆದು ತರಿಸುವ ಕಾಗದದ ಗುರಿಯಲ್ಲೇ ಶುರು ಮಾಡಬಹುದು. 4.5 ಮಿಲಿಮೀಟರ್ ಏರ್ ಪಿಸ್ತೂಲ್‌ಗೆ ಬಂದೂಕಿನ ಲೈಸೆನ್ಸ್ ಬೇಕಾಗುವುದಿಲ್ಲ. ಮಹಿಳೆಯರ 25 ಮೀಟರ್ ಪಿಸ್ತೂಲ್ ವಿಷಯ ಬೇರೆ. ಅದಕ್ಕೆ ಮದ್ದಿನ ಗುಂಡು ಹಾರಿಸುವ .22 ಬೋರ್ ಪಿಸ್ತೂಲ್, ಲೈಸೆನ್ಸ್, ದೊಡ್ಡ ರೇಂಜ್ ಎಲ್ಲ ಬೇಕು. ಮನು ಪ್ಯಾರಿಸ್‌ನಲ್ಲಿ ಅದರಲ್ಲೂ ನಾಲ್ಕನೆಯವರಾದರು. ನಮ್ಮ ಹುಡುಗಿಯರಿಗೆ ಈ ಎರಡನೇ ಸ್ಪರ್ಧೆಯ ದಾರಿ ಜಾಗ ಇಲ್ಲದ್ದಕ್ಕೇ ಮುಚ್ಚಿಹೋಗಿರುತ್ತದೆ. ಆದರೆ 10 ಮೀಟರ್‌ಗೆ ಅಂಥ ಯಾವ ನೆಪವೂ ಇಲ್ಲ.

ಮೈಸೂರಿನಲ್ಲಿ ದುಡ್ಡು ಕೊಟ್ಟು ಕಲಿಯುವ ರೇಂಜ್‌ಗಳಿವೆ, ಅವು ಮಕ್ಕಳಿಗೆ ಶುರು ಮಾಡಿಸುವ ಕೆಲಸ ಮಾಡುತ್ತಿವೆ. ನನ್ನ ಚಿಂತೆ ಹದಿನೆಂಟರಿಂದ ಇಪ್ಪತ್ತೈದರವರದ್ದು. ಅವರಿಗೆ ಸರಿಯಾದ ಜಾಗ ವಿಶ್ವವಿದ್ಯಾಲಯ. ಅಂತರ್ ವಿಶ್ವವಿದ್ಯಾಲಯ ಶೂಟಿಂಗ್ ಚಾಂಪಿಯನ್‌ಶಿಪ್ ಪ್ರತಿ ವರ್ಷದ ಕ್ಯಾಲೆಂಡರ್‌ನಲ್ಲಿ ಇದೆ, ಎನ್‌ಸಿಸಿಯಲ್ಲಿ ರೈಫಲ್ ಹಿಡಿದು ಚೆನ್ನಾಗಿ ಹೊಡೆಯುವ ಮಕ್ಕಳು ನಮ್ಮ ಕಾಲೇಜುಗಳಲ್ಲೇ ಇದ್ದಾರೆ. ಮಾನಸಗಂಗೋತ್ರಿಯಲ್ಲಿ ಒಂದು, ಮಂಡ್ಯ ಸ್ಟೇಡಿಯಂನಲ್ಲಿ ಒಂದು, ಸಂಜೆ ಐದರಿಂದ ರಾತ್ರಿ ಒಂಬತ್ತರವರೆಗೆ ತೆರೆದಿರುವ ಹತ್ತು ಲೇನ್‌ನ, ಅಂದರೆ ಹತ್ತು ಜನ ಒಟ್ಟಿಗೆ ನಿಂತು ಹೊಡೆಯಬಹುದಾದ, ಹಾಲ್ ಸಾಕು. ಅಲ್ಲಿ ನಾಲ್ಕು ಪಿಸ್ತೂಲ್ ಸಂಸ್ಥೆಯದ್ದೇ ಇರಲಿ, ಸ್ವಂತದ್ದು ಇಲ್ಲದವರು ಹೊಡೆಯಲಿ. ಪಿಯುಸಿಗೆ ಅಂತ ಬಿಟ್ಟವರು ಮರಳಿ ಬಂದರೆ ಮೊದಲಿಂದ ಹೊಸಬರ ಸಾಲಿನಲ್ಲಿ ನಿಲ್ಲಿಸದೆ ನೇರ ಲೇನ್ ಕೊಡಲಿ. ಕೆನಡಾದಿಂದ ಮರಳಿದವರಿಗೆ ಬೆಂಗಳೂರಿನಲ್ಲಿ ಹೊಡೆಯಲು ಜಾಗ ಇತ್ತು. ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನಿಂದ ಮರಳುವವರಿಗೂ ಒಂದು ಜಾಗ ಇರಲಿ.

ಮನೆಯವರಿಗೆ ಎರಡು ಮಾತು. ಮೊದಲ ವರ್ಷವೇ ಪಿಸ್ತೂಲ್ ಕೊಳ್ಳಬೇಡಿ. ಮಗುವಿನ ಅಂಗೈ ಬೆಳೆಯುತ್ತಿರುತ್ತದೆ, ಇವತ್ತು ಹೊಂದುವ ಗ್ರಿಪ್ ಮುಂದಿನ ವರ್ಷ ಹೊಂದುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಗಾಳಿಯ ಸಿಲಿಂಡರ್ ಮೇಲಿನ ದಿನಾಂಕ ನೋಡಿ, ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷದ ಆಯಸ್ಸು, ಆಮೇಲೆ ಮ್ಯಾಚ್‌ಗೆ ನಡೆಯುವುದಿಲ್ಲ. ಇನ್ನೊಂದು, ಪಿಯುಸಿಯಲ್ಲಿ ರೇಂಜ್‌ಗೆ ಕಳಿಸಲು ಆಗದಿದ್ದರೆ ಹೋಗಲಿ, ಡ್ರೈ ಫೈರಿಂಗ್ ಮಾತ್ರ ಬಿಡಿಸಬೇಡಿ. ಖಾಲಿ ಪಿಸ್ತೂಲ್ ಹಿಡಿದು, ಬಿಳಿ ಗೋಡೆಯ ಎದುರು ನಿಂತು, ಸೈಟ್ ನೋಡುತ್ತಾ ಟ್ರಿಗರ್ ಒತ್ತುವ ಅಭ್ಯಾಸ ಅದು. ಪೆಲೆಟ್ ಖರ್ಚಿಲ್ಲ, ಬಸ್ ಚಾರ್ಜಿಲ್ಲ. ದೊಡ್ಡ ಶೂಟರ್‌ಗಳೂ ಇವತ್ತಿಗೂ ಮಾಡುತ್ತಾರೆ. ದಿನಕ್ಕೆ ಇಪ್ಪತ್ತು ನಿಮಿಷ, ಓದಿನ ನಡುವೆ. ಎರಡು ವರ್ಷದ ನಂತರ ಮತ್ತೆ ಲೇನ್‌ಗೆ ಬಂದಾಗ ಸ್ಕೋರ್ ಕಡಿಮೆ ಇರಬಹುದು, ಆದರೆ ಬೆರಳು ಕಲಿತಿದ್ದು ಉಳಿದಿರುತ್ತದೆ. ಅಲ್ಲಿಂದ 580ಕ್ಕೆ ಏರಲು ಆ ಹುಡುಗಿಗೆ ಇನ್ನೂ ಇಪ್ಪತ್ತು ವರ್ಷ ಇದೆ.